ಎರಡು ಬೆರಳು ಕೆಳಗೆ

ಕಳೆದ ತಿಂಗಳು ಒಂದು ಶನಿವಾರ ಸಂಜೆ ಅಕ್ಕನ ಮಗ ಮನೆಗೆ ಬಂದ. ಕಾಫಿ ಲೋಟ ಕೈಗೆ ಕೊಡುವ ಮೊದಲೇ ಕೇಳಿದ: "ಮಾವ, ನಾಳೆ ಒಂದಿನ ನಿಮ್ಮ ಪೋರ್ಟಿಕೋ ಬಿಟ್ಕೊಡ್ತೀರಾ? ಕಾರಿನ ಸ್ಪ್ರಿಂಗ್ ಬದಲಾಯಿಸ್ಬೇಕು." ಅವನದು 2018ರ ಸ್ವಿಫ್ಟ್. ಟೈರಿನ ಮೇಲಂಚಿಗೂ ಅದರ ಮೇಲೆ ಕಮಾನಿನಂತೆ ಬಾಗಿದ ತಗಡಿಗೂ ನಡುವೆ ನಾಲ್ಕು ಬೆರಳು ಸಲೀಸಾಗಿ ಹೋಗುತ್ತವೆ. ಅಲ್ಲಿ ಎರಡೇ ಬೆರಳು ಹೋಗಬೇಕು, ಕಾರು ನೆಲ ಕಚ್ಚಿ ನಿಂತಂತೆ ಕಾಣಬೇಕು ಎಂಬುದು ಅವನ ಎರಡು ವರ್ಷದ ಆಸೆ.

ಮಾಡಬಾರದು ಅನ್ನಲು ನನಗೆ ಮನಸ್ಸಾಗಲಿಲ್ಲ. ತನ್ನ ವಾಹನದ ಹೊಟ್ಟೆಯಲ್ಲಿ ಏನಿದೆ ಎಂದು ಬಿಚ್ಚಿ ನೋಡುವ ಹುಡುಗರು ಕಡಿಮೆಯಾಗುತ್ತಿದ್ದಾರೆ. ಆದರೆ ಅವನ ಮುಂದಿನ ಮಾತು ಕೇಳಿ ಗಾಬರಿಯಾಯಿತು. ಯಾವುದೋ ಗ್ಯಾರೇಜಿನಲ್ಲಿ ವಿಚಾರಿಸಿದ್ದನಂತೆ. "ಹೊಸ ಸ್ಪ್ರಿಂಗ್ ಯಾಕೆ ಸಾರ್, ಇರೋದನ್ನೇ ಒಂದೂವರೆ ಸುತ್ತು ಕಟ್ ಮಾಡಿ ಕೊಡ್ತೀವಿ, ಮಧ್ಯಾಹ್ನದೊಳಗೆ ಕಾರು ತಗೊಂಡು ಹೋಗಿ" ಎಂದಿದ್ದರಂತೆ. ಅಂದು ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಹನ್ನೊಂದರವರೆಗೆ ಮಾತಾಡಿದ್ದು ಆ ಒಂದೂವರೆ ಸುತ್ತಿನ ಬಗ್ಗೆಯೇ.

ಕಾರಿನ ಸುರುಳಿ ಸ್ಪ್ರಿಂಗು ನೋಡಲು ಮೇಲೆ ಕೆಳಗೆ ಕುಗ್ಗಿ ಹಿಗ್ಗುತ್ತದೆ. ಆದರೆ ಅದರ ಉಕ್ಕಿನ ಸಲಾಕೆಗೆ ಒಳಗೆ ಆಗುತ್ತಿರುವುದು ತಿರುಚಾಟ. ಸುರುಳಿಯನ್ನು ಒತ್ತಿದಾಗ ಸಲಾಕೆ ತನ್ನ ಉದ್ದಕ್ಕೂ ಚೂರು ಚೂರೇ ತಿರುಚಿಕೊಳ್ಳುತ್ತದೆ. ಹಳೆಯ ಅಂಬಾಸಿಡರ್ ಕಾರಿನ ಮುಂದುಗಡೆ ಸುರುಳಿಯೇ ಇರಲಿಲ್ಲ, ಅದರ ಜಾಗದಲ್ಲಿ ನೇರವಾದ ಒಂದು ಕಂಬಿ ತಿರುಚಿಕೊಂಡು ಅದೇ ಕೆಲಸ ಮಾಡುತ್ತಿತ್ತು. ಸುರುಳಿ ಎಂದರೆ ಅದೇ ಕಂಬಿಯನ್ನು ಜಾಗ ಉಳಿಸಲು ಸುತ್ತಿಟ್ಟದ್ದು. ಒಗೆದ ಪಂಚೆಯನ್ನು ಹಿಂಡುವಾಗ ಗಮನಿಸಿ. ಉದ್ದ ಪಂಚೆಯನ್ನು ಎಷ್ಟು ಸುತ್ತು ಬೇಕಾದರೂ ತಿರುಚಬಹುದು. ಕರ್ಚೀಫು ಎರಡು ಸುತ್ತಿಗೇ ಬಿಗಿಯಾಗುತ್ತದೆ. ಸ್ಪ್ರಿಂಗಿನಲ್ಲಿ ಸುತ್ತು ಕಡಿಮೆಯಾದಷ್ಟೂ ಬಿಗಿ ಹೆಚ್ಚುವುದು ಇದೇ ಕಾರಣಕ್ಕೆ. ಕೆಲಸ ಮಾಡುವ ಆರು ಸುತ್ತುಗಳಿರುವ ಸ್ಪ್ರಿಂಗಿನಿಂದ ಒಂದು ಸುತ್ತು ತೆಗೆದರೆ ಉಳಿದದ್ದು ಮೊದಲಿಗಿಂತ ಶೇಕಡಾ 20 ಗಡುಸು.

ಗಡುಸಾಗುವುದೊಂದೇ ಆಗಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಸ್ಪ್ರಿಂಗಿನ ತುದಿಯನ್ನು ಅದು ಕೂರುವ ತಟ್ಟೆಯ ಅಚ್ಚಿಗೆ ಸರಿಹೊಂದುವಂತೆ ಕಾರ್ಖಾನೆಯಲ್ಲೇ ಬಾಗಿಸಿರುತ್ತಾರೆ. ಅಲ್ಲಿ ಕತ್ತರಿಸಿದರೆ ಮೊಂಡು ತುದಿಯೊಂದು ತಟ್ಟೆಯ ಮೇಲೆ ಒಂದೇ ಕಡೆ ಒತ್ತಿ ಕೂರುತ್ತದೆ. ಕಾರು ದೊಡ್ಡ ಗುಂಡಿಗೆ ಇಳಿದು ಚಕ್ರ ಪೂರ್ತಿ ಕೆಳಗೆ ಜೋತಾಗ, ಉದ್ದ ಕಳೆದುಕೊಂಡ ಸ್ಪ್ರಿಂಗು ಎರಡು ತಟ್ಟೆಗಳ ನಡುವೆ ಸಡಿಲವಾಗುತ್ತದೆ. ಮತ್ತೆ ಭಾರ ಬೀಳುವ ಹೊತ್ತಿಗೆ ಜಾಗ ಬಿಟ್ಟು ಜರುಗಿರಬಹುದು. ಅದಕ್ಕಿಂತ ಕೆಟ್ಟ ಪದ್ಧತಿ ಗ್ಯಾಸಿನ ಬೆಂಕಿ ಹಿಡಿದು ಸ್ಪ್ರಿಂಗನ್ನು ಕೆಂಪಗೆ ಕಾಯಿಸಿ ಕುಸಿಯುವಂತೆ ಮಾಡುವುದು. ಉಕ್ಕಿಗೆ ಹದ ಬರುವುದು ಲೆಕ್ಕ ಹಾಕಿದ ಬಿಸಿ ಮತ್ತು ತಂಪಿನಿಂದ. ಕಂಡಾಪಟ್ಟೆ ಕಾಯಿಸಿದರೆ ಆ ಹದ ಅಲ್ಲಿಗೇ ಹೋಯಿತು. ಅಂಥ ಸ್ಪ್ರಿಂಗು ದಿನ ಕಳೆದಂತೆ ಕುಸಿಯುತ್ತಾ ಹೋಗುತ್ತದೆ, ಇಲ್ಲವೇ ಒಂದು ದಿನ ಮುರಿಯುತ್ತದೆ.

ಇಳಿಸುವುದಕ್ಕೆಂದೇ ತಯಾರಾದ ಸ್ಪ್ರಿಂಗು ಬೇರೆ ಸರಕು. ಅದು ಕುಳ್ಳು, ಸಾಮಾನ್ಯವಾಗಿ ಒಂದಿಷ್ಟು ಗಡುಸು, ತುದಿ ತಟ್ಟೆಗೆ ಸರಿಯಾಗಿ ಕೂರುವಂಥದ್ದು. ಎಷ್ಟೋ ಸ್ಪ್ರಿಂಗುಗಳಲ್ಲಿ ಒಂದು ತುದಿಯ ಸುತ್ತುಗಳು ಒತ್ತೊತ್ತಾಗಿರುತ್ತವೆ. ಕಾರು ನೆಲದ ಮೇಲೆ ನಿಂತಾಗ ಅವು ಒಂದಕ್ಕೊಂದು ತಾಗಿ ಸುಮ್ಮನಿರುತ್ತವೆ, ಚಕ್ರ ಜೋತಾಗ ಬಿಚ್ಚಿಕೊಂಡು ಸ್ಪ್ರಿಂಗನ್ನು ಜಾಗದಲ್ಲಿ ಹಿಡಿದಿಡುತ್ತವೆ. ಮೇಲ್ಮೈಗೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಎರಚಿ ಬಡಿದಿರುತ್ತಾರೆ; ಅದರಿಂದ ಸಲಾಕೆಯ ಹೊರಪದರ ಬಿಗಿದುಕೊಂಡು ಬಿರುಕು ಬೇಗ ಹುಟ್ಟುವುದಿಲ್ಲ. ಈ ಕಸುಬಿನ ತವರು ಜರ್ಮನಿ. 1951ರಲ್ಲಿ ಶುರುವಾದ ಐಬಾಖ್ ಆಗಲಿ, ಎಚ್ ಅಂಡ್ ಆರ್ ಆಗಲಿ ಅಲ್ಲಿಯವೇ. ಆ ದೇಶದಲ್ಲಿ ಸ್ಪ್ರಿಂಗಿನ ಜೊತೆಗೆ ಪರೀಕ್ಷಾ ವರದಿಯೂ ಬರುತ್ತದೆ. ಸಾಮಾನ್ಯವಾಗಿ ಅದನ್ನು ಹಿಡಿದು ಟ್ಯೂಫ್‌ನಂಥ ತಪಾಸಣಾ ಸಂಸ್ಥೆಗೆ ಕಾರು ತೋರಿಸಿ, ಸರಿಯಾಗಿ ಜೋಡಿಸಿದೆ ಎಂಬ ಕಾಗದ ಪಡೆಯಬೇಕು. ಮನೆಯಂಗಳದಲ್ಲಿ ಮಾಡಿದ ಕೆಲಸಕ್ಕೂ ಅಲ್ಲಿ ಮಾನ್ಯತೆ ಇದೆ. ನಮ್ಮಲ್ಲೂ ಅಂಥದೊಂದು ದಾರಿ ಇರಬೇಕಿತ್ತು ಎಂಬುದು ನನ್ನ ಬಲವಾದ ಅನಿಸಿಕೆ.

ನಮ್ಮಲ್ಲಿರುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು. ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ ಅದು. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ವಿಧಿಸಬಹುದು ಎಂದಾಯಿತು. ಆರ್‌ಸಿ ಪುಸ್ತಕದಲ್ಲಿ ಸ್ಪ್ರಿಂಗಿನ ಉದ್ದ ಬರೆದಿರುವುದಿಲ್ಲ, ನಿಜ. ಹಾಗೆಂದು ಆರ್‌ಟಿಒ ಅಧಿಕಾರಿಯೋ ಅಪಘಾತದ ನಂತರ ವಿಮೆಯವರೋ ಪ್ರಶ್ನೆ ಎತ್ತುವುದಿಲ್ಲ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ಕೈ ಹಾಕುವ ಮೊದಲೇ ಎರಡೂ ಕಡೆ ಬರಹದಲ್ಲಿ ಕೇಳಿ ತಿಳಿಯುವುದು ಒಳ್ಳೆಯದು. ಹುಡುಗನಿಗೂ ಅದನ್ನೇ ಹೇಳಿದೆ. ಕೇಳಿ, ಉತ್ತರ ಬರುವವರೆಗೆ ಮೂರು ವಾರ ಕಾದ. ಆ ಹೊತ್ತಿಗೆ ಹೊಸ ಸ್ಪ್ರಿಂಗೂ ಬಂತು.

ಕಾಯುವ ದಿನಗಳಲ್ಲಿ ನಾವು ಇನ್ನೊಂದು ಲೆಕ್ಕ ಮಾಡಿದೆವು. ಆ ಸ್ವಿಫ್ಟಿನ ಹೊಟ್ಟೆ ನೆಲದಿಂದ 163 ಮಿಲಿಮೀಟರ್ ಎತ್ತರದಲ್ಲಿದೆ. ಅವನ ಎರಡು ಬೆರಳಿನ ಆಸೆಯಂತೆ 35 ಇಳಿಸಿದರೆ ಉಳಿಯುವುದು 128. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನಕದಂತೆ ಕಟ್ಟಿದ ರಸ್ತೆ ಉಬ್ಬು 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ತುಂಬಾ ನಿಧಾನವಾಗಿ ಏರಿ ಇಳಿಯುವ ಬೆನ್ನು. ಸ್ವಿಫ್ಟಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.45 ಮೀಟರ್ ಇದೆ. ಅಂದರೆ ನಾಲ್ಕೂ ಚಕ್ರ ಉಬ್ಬಿನ ಮೇಲೆಯೇ ನಿಲ್ಲುತ್ತವೆ, ನಡುವೆ ಹೊಟ್ಟೆಯತ್ತ ಏಳುವುದು ಬರೀ 4.4 ಸೆಂಟಿಮೀಟರ್. ಇಳಿಸಿದ ಕಾರೂ ಆರಾಮವಾಗಿ ದಾಟುತ್ತದೆ. ಆದರೆ ನಮ್ಮ ಬೀದಿಯ ತುದಿಯಲ್ಲಿರುವ ಹಂಪು ಯಾರೋ ರಾತ್ರೋರಾತ್ರಿ ಸಿಮೆಂಟು ಸುರಿದು ಮಾಡಿದ್ದು. ಟೇಪು ಹಿಡಿದು ಅಳೆದೆವು: ಅಗಲ ಒಂದು ಮೀಟರೂ ಇಲ್ಲ, ಎತ್ತರ 14 ಸೆಂಟಿಮೀಟರ್. ಅದು ಪೂರ್ತಿಯಾಗಿ ಎರಡು ಜೋಡಿ ಚಕ್ರಗಳ ನಡುವೆ ಬರುವುದರಿಂದ ಅದರ ಇಡೀ ಎತ್ತರ ಹೊಟ್ಟೆಗೆ ಎದುರಾಗುತ್ತದೆ. 163ಕ್ಕೆ ದಾಟಬಹುದು. 128ಕ್ಕೆ ಉಜ್ಜುವುದು ಖಂಡಿತ. ಹಿಂದಿನ ಸೀಟಿನಲ್ಲಿ ಅಕ್ಕ, ಭಾವ ಕುಳಿತರೆ ಇನ್ನೂ ಕಷ್ಟ.

ಇದನ್ನು ನೋಡಿ ಅವನು 35ರ ಆಸೆ ಬಿಟ್ಟು 20 ಮಿಲಿಮೀಟರ್ ಇಳಿಸುವ ಸ್ಪ್ರಿಂಗು ತರಿಸಿದ. ಆಗಲೂ ಆ ಹಂಪಿನ ಮೇಲೆ ಉಳಿಯುವುದು ಮೂರೇ ಮಿಲಿಮೀಟರ್. ಹಾಗಾಗಿ ಬಳಸು ದಾರಿಯಲ್ಲಿ ಹೋಗುತ್ತೇನೆ ಎಂದು ಅವನೇ ಒಪ್ಪಿದ.

ಇಷ್ಟೆಲ್ಲ ಮಾಡಿ ಸಿಗುವುದೇನು? ತಿರುವಿನಲ್ಲಿ ಕಾರಿನ ಭಾರ ಒಳಚಕ್ರದಿಂದ ಹೊರಚಕ್ರಕ್ಕೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಭಾರಕೇಂದ್ರದ ಎತ್ತರವನ್ನು ಅವಲಂಬಿಸಿದೆ. ಅದು ನೆಲದಿಂದ 55 ಸೆಂಟಿಮೀಟರ್ ಮೇಲಿದೆ ಎಂದಿಟ್ಟುಕೊಂಡರೆ, ಎರಡು ಸೆಂಟಿಮೀಟರ್ ಇಳಿಸಿದಾಗ ಸರಿಯುವ ಭಾರ ಕಡಿಮೆಯಾಗುವುದು ಶೇಕಡಾ ನಾಲ್ಕರಷ್ಟೂ ಇಲ್ಲ. ಸ್ಟೇರಿಂಗ್ ತಿರುಗಿಸಿದ ತಕ್ಷಣ ಕಾರು ಚುರುಕಾಗಿ ಮಾತು ಕೇಳಿದಂತೆ ಅನಿಸುವುದು ಬಹುಪಾಲು ಸ್ಪ್ರಿಂಗಿನ ಗಡುಸುತನದಿಂದ. ಇನ್ನೂ ಇಳಿಸಿದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಸ್ವಿಫ್ಟಿನ ಮುಂದುಗಡೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಂದರೆ ಶಾಕ್ ಅಬ್ಸಾರ್ಬರೇ ಕಂಬವಾಗಿ ನಿಂತು, ಅದರ ಸುತ್ತ ಸ್ಪ್ರಿಂಗು ಕೂತು, ಕೆಳಗೆ ಒಂದೇ ಒಂದು ಅಡ್ಡತೋಳು ಚಕ್ರವನ್ನು ಹಿಡಿಯುವ ಏರ್ಪಾಡು. ಅಮೆರಿಕದ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಇದು 1950ರ ಬ್ರಿಟಿಷ್ ಫೋರ್ಡ್ ಕಾನ್ಸಲ್‌ನಂಥ ಕಾರುಗಳಿಂದ ಜಗತ್ತಿಗೆಲ್ಲ ಹಬ್ಬಿತು, ನಮ್ಮ ಮಾರುತಿ 800ರ ಮುಂದುಗಡೆಯೂ ಇದೇ ಇತ್ತು. ಆ ಅಡ್ಡತೋಳು ಸಾಮಾನ್ಯವಾಗಿ ಚಕ್ರದ ಕಡೆಗೆ ತುಸು ಕೆಳಗೆ ಬಾಗಿರುತ್ತದೆ. ಕಾರನ್ನು ಇಳಿಸಿದಂತೆ ತೋಳು ಸಮತಟ್ಟಾಗುತ್ತದೆ, ಅತಿಯಾದರೆ ಮೇಲ್ಮುಖವಾಗುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಭಾರಕೇಂದ್ರಕ್ಕಿಂತ ವೇಗವಾಗಿ ಕೆಳಗೆ ಹೋಗುತ್ತದೆ. ಕುಳ್ಳಾದ ಕಾರು ತಿರುವಿನಲ್ಲಿ ವಾಲಲು ಹೆಚ್ಚು ಹವಣಿಸುವ ಸ್ಥಿತಿ ಬರುತ್ತದೆ, ಚಕ್ರ ಮೇಲೆದ್ದಾಗ ಟೈರು ರಸ್ತೆಗೆ ಒದಗಬೇಕಾದ ಕೋನವೂ ಕೆಡುತ್ತದೆ. ಅಂದಕ್ಕೆಂದು ಇಳಿಸುವುದು ತಪ್ಪಲ್ಲ, ಹಾಗೆಂದು ಒಪ್ಪಿಕೊಂಡು ಇಳಿಸಿದರೆ ಎಲ್ಲಿ ನಿಲ್ಲಬೇಕೆಂದು ತಿಳಿಯುತ್ತದೆ.

ಸ್ಪ್ರಿಂಗು ಬಂದ ಮೇಲಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ಕೆಲಸ ಶುರು ಮಾಡಿದೆವು. ಮೊದಲ ತೊಡಕು ಪೋರ್ಟಿಕೋದ್ದೇ. ತೊಳೆದ ನೀರು ಹರಿದುಹೋಗಲೆಂದು ನಮ್ಮ ಮನೆಗಳ ಪೋರ್ಟಿಕೋ ಗೇಟಿನ ಕಡೆಗೆ ಇಳಿಜಾರಾಗಿರುತ್ತದೆ, ಮೇಲೆ ನುಣುಪು ಟೈಲ್ಸ್ ಬೇರೆ. ಜಾಕ್ ಏರಿಸಿದ ಕಾರು ಅಲ್ಲಿ ಜಾರುವುದಕ್ಕೆ ಹೆಚ್ಚು ಹೊತ್ತು ಬೇಡ. ಕಾರನ್ನು ಹಿತ್ತಲಿನ ಸಮತಟ್ಟಾದ ಕಾಂಕ್ರೀಟಿಗೆ ಒಯ್ದೆವು, ಎತ್ತದ ಚಕ್ರಗಳಿಗೆ ಮುಂದೂ ಹಿಂದೂ ಮರದ ಅಡೆ ಕೊಟ್ಟೆವು. ಡಿಕ್ಕಿಯಲ್ಲಿ ಸ್ಟೆಪ್ನಿ ಜೊತೆ ಬರುವ ಜಾಕು ಪಂಕ್ಚರಾದ ಚಕ್ರ ಬದಲಿಸುವುದಕ್ಕೆ ಮಾತ್ರ. ಅದನ್ನು ನಂಬಿ ಕಾರಿನ ಕೆಳಗೆ ತಲೆಯಿಡಬಾರದು. ಟ್ರಾಲಿ ಜಾಕಿನಿಂದ ಎತ್ತಿ, ಕೈಪಿಡಿ ತೋರಿಸಿದ ಜಾಗಗಳಲ್ಲಿ ಎರಡು ಸ್ಟ್ಯಾಂಡು ಕೊಟ್ಟು, ಕಾರನ್ನು ಅವುಗಳ ಮೇಲೆ ಇಳಿಸಿ, ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿದ ಮೇಲೆಯೇ ಚಕ್ರ ಕಳಚಿದ್ದು. ಎತ್ತುವ ಮೊದಲೇ ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ತಗಡಿನ ಅಂಚಿನವರೆಗಿನ ಅಳತೆಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೆವು.

ಚಕ್ರ ಹೋದ ಮೇಲೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಬ್ರೇಕಿನ ರಬ್ಬರ್ ಪೈಪು, ಎಬಿಎಸ್ ತಂತಿ, ಲಿಂಕ್ ರಾಡು ಇವನ್ನು ಸ್ಟ್ರಟ್ಟಿನಿಂದ ಬಿಡಿಸಿದೆವು. ಸ್ಟ್ರಟ್ಟಿನ ಬುಡವನ್ನು ಚಕ್ರವನ್ನು ಹೊರುವ ನಕಲ್ ಎಂಬ ಭಾಗಕ್ಕೆ ಬಿಗಿದ ಎರಡು ಬೋಲ್ಟುಗಳ ಸುತ್ತ ಬಣ್ಣದ ಗುರುತು ಹಾಕಿದೆವು. ಅಲ್ಲಿ ಕೂದಲೆಳೆ ಸರಿದರೂ ಚಕ್ರದ ವಾಲು ಬದಲಾಗುತ್ತದೆ. ಬೋಲ್ಟು ಬಿಚ್ಚಿದಾಗ ನಕಲ್ ಹೊರಕ್ಕೆ ವಾಲಿ ಬ್ರೇಕ್ ಪೈಪಿನ ಮೇಲೆ ಜೋತುಬೀಳಲು ನೋಡುತ್ತದೆ, ಆದ್ದರಿಂದ ಮೊದಲೇ ತಂತಿಯಿಂದ ಕಟ್ಟಿರಬೇಕು.

ಈಗ ಬರುವುದು ಇಡೀ ದಿನದ ಅಪಾಯದ ಘಳಿಗೆ. ಸ್ಟ್ರಟ್ಟಿನ ತಲೆಯಲ್ಲಿರುವ ನಟ್ಟುಗಳಲ್ಲಿ ಕೆಲವು ಸ್ಟ್ರಟ್ಟನ್ನು ಕಾರಿಗೆ ಹಿಡಿಯುತ್ತವೆ, ಒಂದು ಒತ್ತಿ ಕೂರಿಸಿದ ಸ್ಪ್ರಿಂಗನ್ನು ಹಿಡಿದಿಡುತ್ತದೆ. ಯಾವುದು ಯಾವುದೆಂದು ಆ ಕಾರಿನ ಸರ್ವಿಸ್ ಕೈಪಿಡಿ ನೋಡಿ ತಿಳಿಯದೆ ಸ್ಪ್ಯಾನರ್ ಹಾಕಲೇಬಾರದು. ಒಂದು ಮಿಲಿಮೀಟರ್ ಒತ್ತಲು ಎರಡೂವರೆ ಕಿಲೋ ಭಾರ ಬೇಕಾಗುವ ಸ್ಪ್ರಿಂಗನ್ನು 15 ಸೆಂಟಿಮೀಟರ್ ಒತ್ತಿಟ್ಟರೆ, ಅದರೊಳಗಿನ ಶಕ್ತಿ 25 ಕಿಲೋ ಅಕ್ಕಿ ಮೂಟೆ ಎದೆಯೆತ್ತರದಿಂದ ಬಿದ್ದಷ್ಟಾಗುತ್ತದೆ. ವ್ಯತ್ಯಾಸವೆಂದರೆ ಹಾರುವುದು ಮೂಟೆಯಲ್ಲ, ಎರಡು ಮೂರು ಕಿಲೋ ಉಕ್ಕು. ಹಗುರವಾದಷ್ಟೂ ವೇಗ ಹೆಚ್ಚು. ನಟ್ಟು ಬಿಚ್ಚುವವರ ಮುಖ ನೇರ ಅದರ ಎದುರಿಗೇ ಇರುತ್ತದೆ. ಮನೆಯಲ್ಲಿ ಸ್ಪ್ರಿಂಗ್ ಬದಲಿಸುವಾಗ ಜೀವಕ್ಕೆ ಕುತ್ತು ಬರುವ ಜಾಗ ಎರಡೇ: ಸ್ಟ್ಯಾಂಡಿಲ್ಲದ ಕಾರಿನ ಕೆಳಗೆ, ಮತ್ತು ಈ ನಟ್ಟಿನ ಎದುರು.

ಸ್ಪ್ರಿಂಗ್ ಕಂಪ್ರೆಸರ್ ಎಂಬ ಸಾಧನವಿಲ್ಲದೆ ಇದನ್ನು ಮಾಡುವಂತಿಲ್ಲ. ಉದ್ದ ತಿರುಪಿನ ಎರಡು ಕೊಕ್ಕೆಜೋಡಿಗಳು ಅದರಲ್ಲಿರುತ್ತವೆ. ಅವನ್ನು ಸ್ಪ್ರಿಂಗಿನ ಎದುರುಬದುರಿಗೆ ಹಾಕಿ, ಆದಷ್ಟು ಹೆಚ್ಚು ಸುತ್ತು ಹಿಡಿಯುವಂತೆ ನೋಡಿಕೊಂಡು, ಈ ಕಡೆ ಎರಡು ತಿರುವು, ಆ ಕಡೆ ಎರಡು ತಿರುವು ಎಂದು ಸಮನಾಗಿ ಬಿಗಿಯುತ್ತಾ ಹೋಗಬೇಕು. ಒಂದೇ ಕಡೆ ಬಿಗಿದರೆ ಸ್ಪ್ರಿಂಗು ಬಾಳೆಕಾಯಿಯಂತೆ ಬಾಗಿ ಕೊಕ್ಕೆ ಜಾರುತ್ತದೆ. ತಿರುಪಿಗೆ ಗ್ರೀಸು ಇರಬೇಕು, ಕೈಯಿಂದಲೇ ತಿರುಗಿಸಬೇಕು, ಗಾಳಿ ಗನ್ನು ಬೇಡ. ಸ್ಪ್ರಿಂಗು ತಟ್ಟೆ ಬಿಟ್ಟು ಸಡಿಲವಾಗಿ ಕೈಗೆ ಅಲ್ಲಾಡಿದಾಗ ಮಾತ್ರ ನಟ್ಟಿಗೆ ಕೈ. ಆ ಹದಿನೈದು ನಿಮಿಷ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಅಕ್ಕ ತಿಂಡಿಗೆ ಕರೆದದ್ದಕ್ಕೂ ಉತ್ತರ ಕೊಡಲಿಲ್ಲ.

ಬಿಚ್ಚಿದ ಮೇಲೆ ನೋಡಬೇಕಾದ್ದು ತಲೆಯ ಬೇರಿಂಗು, ಮೌಂಟಿನ ರಬ್ಬರು, ಒಳಗಿನ ಬಂಪ್ ಸ್ಟಾಪು. ಬೇರಿಂಗು ತಿರುಗಿಸಿದರೆ ಮರಳು ಸಿಕ್ಕಿದಂತೆ ಕರಕರ ಎಂದಿತು. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಹೋಗಿಬರುವ ದೂರದಲ್ಲಿ ನಾವಿರಲಿಲ್ಲ, ಪುಣ್ಯಕ್ಕೆ ಹುಡುಗ ಮೊದಲೇ ಹೊಸ ಜೊತೆ ತಂದಿಟ್ಟಿದ್ದ. ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಜಿನುಗಿದ್ದರೆ ಅದನ್ನೂ ಆಗಲೇ ಬದಲಿಸಬೇಕು. ಸ್ಪ್ರಿಂಗು ಶೇಕಡಾ 25 ಗಡುಸಾದರೆ ಅದರ ಕುಣಿತವನ್ನು ಅಷ್ಟೇ ಹದದಲ್ಲಿ ತಡೆಯಲು ಶಾಕ್ ಅಬ್ಸಾರ್ಬರು ಶೇಕಡಾ 12ರಷ್ಟು ಹೆಚ್ಚು ಬಿಗಿ ಹಿಡಿಯಬೇಕಾಗುತ್ತದೆ. ದಣಿದ ಶಾಕ್ ಅಬ್ಸಾರ್ಬರಿಗೆ ಅದು ಆಗದ ಮಾತು. ಆಗ ಕಾರು ಚುರುಕಾಗುವ ಬದಲು ಪುಟಿಯುತ್ತದೆ.

ಹೊಸ ಸ್ಪ್ರಿಂಗು ಕುಳ್ಳಾದ್ದರಿಂದ ಅದನ್ನು ಅಷ್ಟು ಒತ್ತುವ ಅಗತ್ಯ ಬರಲಿಲ್ಲ. ಅದರ ತುದಿ ಕೆಳತಟ್ಟೆಯ ಮೆಟ್ಟಿಲಿಗೆ ತಾಗಿ ಕೂತಿದೆಯೇ ಎಂದು ಎರಡು ಸಲ ನೋಡಿ, ಟಾರ್ಕ್ ರೆಂಚಿನಲ್ಲಿ ಕೈಪಿಡಿಯ ಅಂಕಿಗೆ ನಟ್ಟು ಬಿಗಿದು, ಕಂಪ್ರೆಸರನ್ನು ಹಾಕಿದಷ್ಟೇ ನಿಧಾನವಾಗಿ ಬಿಚ್ಚಿದೆವು. ಹಿಂದುಗಡೆ ಕೆಲಸ ಸುಲಭ. ಅಲ್ಲಿ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಬೇರೆ ಬೇರೆ ಕೂತಿವೆ. ಹಿಂದಿನ ಚಕ್ರಗಳನ್ನು ಜೋಡಿಸುವ ತೊಲೆಗೆ ಜಾಕ್ ಕೊಟ್ಟು, ಶಾಕ್ ಅಬ್ಸಾರ್ಬರಿನ ಕೆಳಬೋಲ್ಟು ತೆಗೆದು, ಬ್ರೇಕ್ ಪೈಪು ಎಳೆಯದಂತೆ ನೋಡಿಕೊಂಡು ತೊಲೆ ಇಳಿಸಿದರೆ ಸ್ಪ್ರಿಂಗು ಕೈಗೆ ಬರುತ್ತದೆ.

ಗ್ಯಾರೇಜುಗಳಲ್ಲಿ ಅವಸರದಲ್ಲಿ ಬಿಟ್ಟುಹೋಗುವ ಒಂದು ಕೆಲಸವಿದೆ. ಅಡ್ಡತೋಳಿನ ಬುಡದಲ್ಲಿ ರಬ್ಬರ್ ಬುಷ್ ಇರುತ್ತದೆ. ಅದರ ಒಳಗಿನ ಕೊಳವೆಯನ್ನು ಬೋಲ್ಟು ಗಟ್ಟಿಯಾಗಿ ಹಿಡಿದಿರುವುದರಿಂದ ತೋಳು ಅಲುಗಾಡಿದಾಗ ರಬ್ಬರೇ ತಿರುಚಿಕೊಳ್ಳುತ್ತದೆ. ಕಾರು ಹಳೆಯ ಎತ್ತರದಲ್ಲಿದ್ದಾಗ ತಿರುಚಿಲ್ಲದೆ ನಿಲ್ಲುವಂತೆ ಅದನ್ನು ಬಿಗಿದಿರುತ್ತಾರೆ. ಕಾರು ಇಳಿದ ಮೇಲೆ ಹಾಗೇ ಬಿಟ್ಟರೆ ರಬ್ಬರು ದಿನದ ಇಪ್ಪತ್ತನಾಲ್ಕು ಗಂಟೆಯೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆದ್ದರಿಂದ ಆ ಬೋಲ್ಟುಗಳನ್ನು ಸಡಿಲಿಸಿ, ಚಕ್ರಗಳ ಮೇಲೆ ಕಾರಿನ ಪೂರ್ತಿ ಭಾರ ಬಿಟ್ಟು, ಹೊಸ ಎತ್ತರದಲ್ಲಿ ಮತ್ತೆ ಬಿಗಿಯಬೇಕು. ನಾವು ನಾಲ್ಕೂ ಚಕ್ರದ ಕೆಳಗೆ ಅಗಲ ಹಲಗೆಗಳನ್ನು ಜೋಡಿಸಿ, ಕಾರನ್ನು ಅವುಗಳ ಮೇಲೆ ನಿಲ್ಲಿಸಿ, ಅಡ್ಡಬಿದ್ದು ಕೈ ತೂರಿಸಿ ಬಿಗಿದೆವು. ಹಿಂದಿನ ತೊಲೆಯ ಬುಷ್‌ಗಳಿಗೂ ಹೀಗೇ. ಒಂದು ಗಂಟೆ ಹೆಚ್ಚು ಹಿಡಿಯಿತು, ಬೆನ್ನು ಎರಡು ದಿನ ನೋಯಿತು.

ಸಂಜೆ ಐದಕ್ಕೆ ಗೋಡೆಯ ಅಳತೆಯ ಪಕ್ಕದಲ್ಲಿ ಹೊಸ ಅಳತೆ ಬರೆದೆವು: ಮುಂದೆ 17 ಮಿಲಿಮೀಟರ್ ಇಳಿದಿತ್ತು, ಹಿಂದೆ 18. ನಾಲ್ಕು ದಿನ ಓಡಿಸಿದ ಮೇಲೆ ಇನ್ನೆರಡು ಮಿಲಿಮೀಟರ್ ಕೂತಿತು. ಚಕ್ರದ ನಟ್ಟುಗಳನ್ನು 80 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಟಾರ್ಕ್ ನೋಡಿ ಬಿಗಿದ. ವೀಲ್ ಅಲೈನ್‌ಮೆಂಟ್ ಮಾಡಿಸಿದ್ದು ಸ್ಪ್ರಿಂಗು ಕೂತ ಮೇಲೆಯೇ. ಮೊದಲೇ ಮಾಡಿಸಿದ್ದರೆ ಹಣ ದಂಡ. ಇಳಿದ ಕಾರಿನಲ್ಲಿ ಸ್ಟೇರಿಂಗಿನ ರಾಡುಗಳ ಕೋನ ಬದಲಾಗಿ ಚಕ್ರಗಳು ಒಳಮುಖ ಇಲ್ಲವೇ ಹೊರಮುಖ ಆಗಿರುತ್ತವೆ. ಟೈರಿನ ಒಳ ಅಂಚು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಸವೆಯುವುದಕ್ಕೆ ಚಕ್ರದ ವಾಲಿಗಿಂತ ಹೆಚ್ಚಾಗಿ ಇದೇ ಕಾರಣ. ಯಂತ್ರದ ತೆರೆಯ ಮೇಲೆ ಮುಂದಿನ ಚಕ್ರಗಳ ಅಂಕಿ ಕೆಂಪಗೆ ತೋರಿತು, ಸರಿಪಡಿಸಿದ ಮೇಲೆ ಹಸಿರಾಯಿತು.

ಹೆಡ್‌ಲೈಟು ನೋಡಿದ್ದು ಕೊನೆಗೆ. ಮುಂದೆ ಹಿಂದೆ ಸಮನಾಗಿ ಇಳಿಯದಿದ್ದರೆ ಬೆಳಕು ಒಂದೋ ಕಾಲ ಬುಡಕ್ಕೆ ಬೀಳುತ್ತದೆ, ಇಲ್ಲವೇ ಎದುರಿನವರ ಕಣ್ಣಿಗೆ. ರಾತ್ರಿ ಕಾಂಪೌಂಡಿನ ಬಿಳಿಗೋಡೆಯ ಎದುರು ಕಾರು ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಅಕ್ಕನನ್ನೂ ಭಾವನನ್ನೂ ಕೂರಿಸಿ ಬೆಳಕಿನ ಮೇಲಂಚನ್ನು ಗುರುತಿಸಿದೆವು. ಅವರು ಕೂತಾಗ ಬೆಳಕು ಮೇಲೆದ್ದಿತು. ಸ್ವಿಚ್ಚಿನ ಪಕ್ಕದ ಪುಟ್ಟ ಗಾಲಿಯನ್ನು ಎಷ್ಟಕ್ಕೆ ತಿರುಗಿಸಿದರೆ ಸರಿಹೋಗುತ್ತದೆ ಎಂದು ಹುಡುಗ ಬರೆದುಕೊಂಡ. ಹಳೆಯ ಸ್ಪ್ರಿಂಗುಗಳನ್ನು ಒರೆಸಿ, ತೆಳುವಾಗಿ ಎಣ್ಣೆ ಸವರಿ, "ಮುಂದೆ ಎಡ", "ಮುಂದೆ ಬಲ", "ಹಿಂದೆ" ಎಂದು ಚೀಟಿ ಅಂಟಿಸಿ ನಮ್ಮ ಅಟ್ಟದ ಮೇಲೆ ಇಟ್ಟಿದ್ದೇವೆ.